ಯಂಕವ್ವನ ಕಿಟಕಿಗೆ ಬಂದ ಫ್ಯಾನಿನ ನೆರಳು

ಗೋವಿಂದರಾಜ ಸಾವ್ಕಾರ ಸೀರೆಯನ್ನು ಅಂಗಡಿ ಬಾಗಿಲಿನ ಬೆಳಕಿಗೆ ಹಿಡಿದು, "ಯಂಕವ್ವ, ದಿನಾ ಸಂಜಿಮುಂದ ಏನಾರ ಕುಡ್ಯಾಕತ್ತೀಯೇನ?" ಎಂದು ಕೇಳಿದ.

ಕಟ್ಟೆಯ ಮೇಲೆ ನೂಲಿಗಾಗಿ ಕಾದು ಕೂತಿದ್ದ ನೇಕಾರರು ಹಲ್ಲು ಕಿಸಿದರು. ಯಂಕವ್ವ ಕಿಸಿಯಲಿಲ್ಲ. ಐವತ್ತೈದು ದಾಟಿದ ಈ ಹೆಂಗಸಿಗೆ ತಮಾಷೆ ಆಗದೆಂದಲ್ಲ. ಅವಳ ಗಂಡನ ಬಗ್ಗೆ, ಅವಳ ಬೊಜ್ಜಿನ ಬಗ್ಗೆ ಯಾರು ಏನು ಆಡಿಕೊಂಡರೂ ಅವಳೂ ಸೇರಿಕೊಂಡು ಆಡುತ್ತಾಳೆ. ನೇಯ್ಗೆಯ ಬಗ್ಗೆ ಆಡಿದರೆ ಮಾತ್ರ ಅವಳ ಮೂಗಿನ ಹೊಳ್ಳೆಗಳು ಅಗಲವಾಗುತ್ತವೆ. ಕುಷ್ಟಗಿ ತಾಲ್ಲೂಕಿನ ಹನಮಸಾಗರದ ಆಚೆಯ ಒಂದು ಊರಿನಿಂದ ಇಳಕಲ್ಲಿನ ಈ ಅಂಗಡಿಗೆ ಅವಳ ಸೀರೆಗಳು ಬರತೊಡಗಿ ಒಂದು ತಲೆಮಾರೇ ಕಳೆದಿತ್ತು. ಒಂದೂ ವಾಪಸು ಹೋಗಿರಲಿಲ್ಲ.

"ನೋಡಿಲ್ಲೆ," ಎಂದು ಸಾವ್ಕಾರ ದಾಳಿಂಬೆ ಬಣ್ಣದ ಒಡಲನ್ನು ಎರಡೂ ಕೈಯಲ್ಲಿ ಅಗಲಿಸಿದ. "ಇದು ನಿನ್ನ ಕೈ. ಹಾಲಿನ ಕೆನಿ ಇದ್ದಂಗ ಐತಿ. ಇಲ್ಲಿಂದ ಒಂದು ಮೊಳ ನೋಡು, ಇದು ಯಾರ ಕೈ? ದಟ್ಟ, ಜಾಳ, ಮತ್ತ ದಟ್ಟ, ಮತ್ತ ಜಾಳ. ಸೊಳ್ಳಿಪರದಿ ಆಗೈತಿ. ಮುಂದ ಎರಡು ಗಜ ಮತ್ತ ಛಲೋ. ಆಮ್ಯಾಲೆ ಮತ್ತ ಒಂದು ಮೊಳ ಹಾಳ. ದಿನಕ್ಕ ಒಂದು ಮೊಳ ಕೆಡಸಬೇಕಂತ ಹರಕಿ ಹೊತ್ತೀಯೇನ?"

ಯಂಕವ್ವ ಸೀರೆಯನ್ನು ಕಸಿದುಕೊಂಡು ನೋಡಿದಳು. ಬೆಳಕಿಗೆ ಹಿಡಿದಾಗ ಪಟ್ಟೆಗಳು ಸ್ಪಷ್ಟವಾಗಿ ಕಂಡವು. ಮಗ್ಗದ ಮೇಲೆ ಹೊಳೆದಿರಲಿಲ್ಲ.

"ಕಣ್ಣು ಮಂಜಾಗಿರಬೇಕು," ಎಂದ ಸಾವ್ಕಾರ, ಈ ಸಲ ನಿಜವಾದ ಕನಿಕರದಿಂದ. ಅದೇ ಅವಳಿಗೆ ಹೆಚ್ಚು ಚುಚ್ಚಿತು. "ತಪ್ಪಲ್ಲ, ವಯಸ್ಸಾತು. ಇನ್ನ ಮ್ಯಾಲೆ ನಿನಗ ಸಾದಾ ಸೀರಿ ಕೊಡ್ತೀನಿ. ಕೊಂಡಿ ಸೆರಗಿನ ಹಾಸು ಬ್ಯಾರೆಯವರು ತಗೊಂಡು ಹೋಗ್ಲಿ."

ಹಾಸೆಂದರೆ ಮಗ್ಗಕ್ಕೆ ಏರಿಸುವ ಉದ್ದದ ಎಳೆಗಳು; ಕೊಂಡಿ ಸೆರಗೆಂದರೆ ಒಡಲಿನ ಹತ್ತಿಯ ಎಳೆ ಮುಗಿಯುವಲ್ಲಿ ಸೆರಗಿನ ಕೆಂಪು ರೇಷ್ಮೆಯ ಎಳೆಯನ್ನು ಕುಣಿಕೆ ಹಾಕಿ ಕೂಡಿಸುವ ಕೆಲಸ. ಎಲ್ಲರ ಬೆರಳಿಗೂ ಒಗ್ಗುವುದಲ್ಲ. ಅದನ್ನು ಕಿತ್ತುಕೊಂಡರೆ ಯಂಕವ್ವ ಊರಿನ ಹತ್ತು ನೇಕಾರರಲ್ಲಿ ಹನ್ನೊಂದನೆಯವಳು.

"ಸಾವ್ಕಾರ್ರ, ಒಂದು ಹಾಸು ಕೊಡ್ರಿ," ಎಂದಳು. "ದೀಪಾವಳಿ ಪಾಡ್ಯದ ದಿನ ಒಂದು ಸೀರಿ ತಂದು ಇದೇ ಬಾಗಿಲದಾಗ ಹಿಡೀತೀನಿ. ಅದರಾಗ ಒಂದು ಬೆರಳು ಜಾಳ ಕಂಡ್ರ ಮಗ್ಗದ ಕುಣಿಗೆ ಮಣ್ಣು ಹಾಕಿ ಮುಚ್ಚಿ ಮ್ಯಾಲೆ ತುಳಸಿ ಹಚ್ತೀನಿ. ಕಾಣಲಿಲ್ಲಂದ್ರ, ಈಗ ಕುಡುಕಿ ಅಂದ್ರೆಲ್ಲ, ಆ ಮಾತನ್ನ ಇವರೆಲ್ಲರ ಮುಂದ ನೀವು ವಾಪಸ್ ತಗೋಬೇಕ್ರಿ."

ಕಟ್ಟೆಯ ನಗು ನಿಂತಿತು. ಸಾವ್ಕಾರ ಹಾಸಿನ ಗಂಟನ್ನು ತೆಗೆದು ಅವಳ ಮುಂದೆ ಇಟ್ಟ. ಕೆಟ್ಟ ಸೀರೆಯನ್ನೂ ಅದರ ಮೇಲೆ ಇಟ್ಟ.

ಯಂಕವ್ವನ ಮನೆಯ ಮಗ್ಗದ ಕೋಣೆಗೆ ಪಡುವಣ ದಿಕ್ಕಿಗೆ ಒಂದೇ ಕಿಟಕಿ. ಅದು ಕಟ್ಟಿದ ಕಿಟಕಿಯಲ್ಲ, ಒಡೆದ ಕಿಟಕಿ. ಅವಳು ಮದುವೆಯಾಗಿ ಬಂದಾಗ ಆ ಕೋಣೆ ಕಾಳು ತುಂಬುವ ಹಗೇವಿನಂತೆ ಕತ್ತಲಾಗಿತ್ತು. ಕುಣಿಯಲ್ಲಿ ಕಾಲಿಳಿಸಿ ಕೂತರೆ ತನ್ನ ಕೈ ತನಗೆ ಕಾಣುತ್ತಿರಲಿಲ್ಲ. ಬೆಳಕು ಬೇಕೆಂದು ಮಾವನನ್ನು ಕೇಳಿದಳು. ಗೋಡೆ ಒಡೆದರೆ ಮನೆಗೆ ಒಳ್ಳೆಯದಲ್ಲ ಎಂದು ಅವನು ಹೇಳಿದ. ಅವನು ಹನಮಸಾಗರದ ಸಂತೆಗೆ ಹೋದ ದಿನ ಹಾರೆ ತೆಗೆದುಕೊಂಡು ಹೊಸ ಸೊಸೆ ತಾನೇ ಗೋಡೆ ಒಡೆದಳು. ಮಾವ ಬಂದು ನೋಡಿ ಕೂಗಾಡಿದ, ಉಣ್ಣಲಿಲ್ಲ, ಮಗನಿಗೆ ಬೈದ. ಮರುದಿನ ಸಂಜೆ ಇಳಿಬಿಸಿಲು ಓರೆಯಾಗಿ ಬಂದು ಹಾಸಿನ ಮೇಲೆ ಬಿದ್ದು, ಕಡುಬಣ್ಣದ ಒಂದೊಂದು ಎಳೆಯೂ ತಂತಿಯಂತೆ ಎದ್ದು ಕಂಡಾಗ ಅವನೇ ಬಂದು ಕುಣಿಯಲ್ಲಿ ಕೂತ. ಸಾಯುವ ತನಕ ಆ ಸಂಜೆಯ ಬೆಳಕನ್ನು ಸೊಸೆಗೆ ಬಿಟ್ಟುಕೊಡದೆ ಜಗಳಾಡಿದ.

ಹಗಲೆಲ್ಲ ನೇಯ್ದರೂ ಕಡಿದ ಎಳೆ, ಸಡಿಲು ಎಳೆ ಕಣ್ಣಿಗೆ ಬೀಳುವುದು ಆ ಬೆಳಕಿನಲ್ಲೇ. ವಿದ್ಯುತ್ ದೀಪ ಮೇಲಿನಿಂದ ಬೀಳುತ್ತದೆ. ಮೇಲಿನ ಬೆಳಕಿಗೆ ದಾಳಿಂಬೆ ಬಣ್ಣವೆಲ್ಲ ಒಂದೇ ಮುದ್ದೆ.

ಪಕ್ಕದ ಮನೆಯ ಸರ್ದಾರಬೀ ಯಂಕವ್ವನಿಗೆ ಕಂಡಿಕೆ ಸುತ್ತಿಕೊಡುವವಳು. ಲಾಳಿಯೊಳಗೆ ಕೂರುವ ನೂಲಿನ ಕಡ್ಡಿಗೆ ಕಂಡಿಕೆ ಎನ್ನುತ್ತಾರೆ. ಗೋಡೆಯ ಆಚೆ ಸರ್ದಾರಬೀಯ ರಾಟೆ, ಈಚೆ ಯಂಕವ್ವನ ಮಗ್ಗ. ಮುಖ ನೋಡದೆ ಅವರು ದಿನವಿಡೀ ಮಾತಾಡುತ್ತಾರೆ.

"ಸಾವ್ಕಾರ ಏನಂದ?" ಎಂದು ಸರ್ದಾರಬೀ ಕೇಳಿದಳು.

"ಕುಡುಕಿ ಅಂದ."

"ಕುಡದಿದ್ರ ನೀ ಇಷ್ಟು ಸಿಟ್ಟಿನಾಕಿ ಆಗ್ತಿದ್ದಿಲ್ಲ ಬಿಡು."

ಯಂಕವ್ವ ಸೀರೆ ಒಯ್ದು ಅವಳ ತೊಡೆಯ ಮೇಲೆ ಎಸೆದಳು. ಸರ್ದಾರಬೀ ಕಣ್ಣಿಗಿಂತ ಮೊದಲು ಬೆರಳಿನಿಂದ ನೋಡಿದಳು. ಜಾಳಿನ ಮೇಲೆ ಅವಳ ಬೆರಳು ನಿಂತಿತು.

"ಯಂಕಕ್ಕ, ಒಂದು ಮಾತು ಹೇಳ್ತೀನಿ, ಬಡ್ಯಾಕ ಬರಬ್ಯಾಡ. ಸಂಜಿಮುಂದ ನಿನ್ನ ಮಗ್ಗ ನಿನ್ನಂಗ ಮಾತಾಡಂಗಿಲ್ಲ. ನಾ ಈ ಕಡೆ ಕುಂತು ಕೇಳ್ತೀನಲ್ಲ. ಒಮ್ಮೆ ಓಡ್ತೈತಿ, ಒಮ್ಮೆ ಕುಂಟತೈತಿ. ನಾ ಅಂದ್ಕೊಂಡೆ, ಮನ್ಯಾಗ ಹುಸೇನಪ್ಪಣ್ಣನ ಕೂಡ ಜಗಳ ಆಗಿರಬೇಕಂತ."

"ಜಗಳ ದಿನಾ ಆಗ್ತೈತಿ. ಅದಕ್ಕ ಮಗ್ಗ ಓಡಂಗಿಲ್ಲ. ಯಾವಾಗಿಂದ ಹಿಂಗ?"

ಸರ್ದಾರಬೀ ರಾಟೆ ನಿಲ್ಲಿಸಿ ಗುಡ್ಡದ ಕಡೆ ಗದ್ದ ಎತ್ತಿದಳು. "ಅದರ ನೆಳ್ಳು ನಮ್ಮ ಅಂಗಳಕ್ಕ ಬರಾಕತ್ತಿದ ಮ್ಯಾಲೆ."

ಗುಡ್ಡದ ಮೇಲೆ ಗಾಳಿಯಂತ್ರ ತಿರುಗುತ್ತಿತ್ತು. ಊರಿನ ಬಾಯಲ್ಲಿ ಅದು ಫ್ಯಾನು. ಯುಗಾದಿ ದಾಟಿದ ಮೇಲೆ ಉದ್ದನೆಯ ಲಾರಿಗಳಲ್ಲಿ ಮೂರು ರೆಕ್ಕೆ ಬಂದು, ಶ್ರಾವಣದಲ್ಲಿ ತಿರುಗತೊಡಗಿತ್ತು. ಮಹಾಲಯ ಅಮಾವಾಸ್ಯೆ ಹತ್ತಿರವಾದಂತೆ ಸೂರ್ಯ ತೆಂಕಣಕ್ಕೆ ಜರುಗಿ, ಸರಿಯಾಗಿ ಆ ಫ್ಯಾನಿನ ಹಿಂದೆ ಇಳಿಯತೊಡಗಿದ. ಇಳಿಯುವ ಹೊತ್ತಿಗೆ ಮೂರೂ ರೆಕ್ಕೆಗಳ ನೆರಳು ಹೊಲ ದಾಟಿ, ಕೆರೆಯ ಏರಿ ದಾಟಿ, ಯಂಕವ್ವನ ಕಿಟಕಿಯೊಳಗೆ ನುಗ್ಗುತ್ತಿತ್ತು.

ಆ ಸಂಜೆ ಯಂಕವ್ವ ಮಗ್ಗದ ಮೇಲೆ ಉಳಿದಿದ್ದ ಹಳೆಯ ಹಾಸಿನ ತುಂಡಿನಲ್ಲಿ, ತನ್ನನ್ನೇ ಕಾವಲು ಕಾಯುತ್ತ ನೇಯಲು ಕೂತಳು. ನೆರಳು ಬಂತು. ಹಾಸಿನ ಮೇಲೆ ಕತ್ತಲೆಯ ಒಂದು ಏಟು, ಬೆಳಕು, ಮತ್ತೆ ಏಟು. ಅವಳ ಕೈ ಲಾಳಿಯ ಹಗ್ಗ ಜಗ್ಗಿತು. ನೆರಳು ಬಂದಾಗ ಜಗ್ಗಿತು, ನೆರಳು ಹೋದಾಗ ಎಳೆಯನ್ನು ಒತ್ತಿ ಕೂರಿಸುವ ಹಣಿಗೆ ಬಡಿಯಿತು. ಗುಡ್ಡದ ಮೇಲೆ ಗಾಳಿ ಏರಿದಂತೆ ನೆರಳು ಅವಸರಪಟ್ಟಿತು, ಕೈಯೂ ಅವಸರಪಟ್ಟಿತು. ಅವಸರದ ಏಟು ಹಗುರ, ಬಟ್ಟೆ ಜಾಳು. ಗಾಳಿ ಇಳಿಯಿತು, ಕೈ ನಿಧಾನವಾಯಿತು, ಏಟು ಭಾರವಾಯಿತು, ಬಟ್ಟೆ ದಟ್ಟ. ನಲವತ್ತು ವರ್ಷ ತನ್ನ ಮಾತು ಕೇಳಿದ ಕೈ ಗುಡ್ಡದ ಮೇಲಿನ ಒಂದು ಕಂಬದ ಮಾತು ಕೇಳುತ್ತಿತ್ತು.

ಅವಳು ಕಣ್ಣು ಮುಚ್ಚಿ ನೇಯ್ದಳು. ರೆಪ್ಪೆಯ ಮೇಲೂ ನೆರಳು ಬಡಿಯಿತು. ಬೀಸುವ ಪದ ಹಾಡಿದಳು. ಪದವೇ ಫ್ಯಾನಿನ ತಾಳಕ್ಕೆ ಓಡಿತು. ಕೊನೆಗೆ ಲಾಳಿ ಬಿಟ್ಟು, "ಸರ್ದಾರಬೀ, ನಿನ್ನ ಮೊಬೈಲಿನಾಗ ಒಂದು ನಿಮಿಷ ಹಿಡಿ," ಎಂದು ಕೂಗಿ ನೆರಳು ಎಣಿಸಿದಳು. ಮೂವತ್ತಾರು.

"ನಿಮಿಷಕ್ಕ ಮೂವತ್ತಾರು ಸುತ್ತ ತಿರಗಾಕತ್ತೈತಿ," ಎಂದಳು. "ಮೈಮ್ಯಾಲೆ ದೇವರು ಬಂದಂಗ."

ಅವಳ ಗಂಡ ಹುಸೇನಪ್ಪ ಆ ಫ್ಯಾನಿನ ಬುಡದಲ್ಲೇ ಕಾವಲುಗಾರ. ಮೆತ್ತನೆಯ ಮನುಷ್ಯ, ನಾಯಿಗೂ 'ಹೋಗ್ರಿ' ಎನ್ನುವವನು. ಮಂಡಿನೋವು ಬಂದು ಮಗ್ಗ ಬಿಟ್ಟವನಿಗೆ ಕಂಪನಿಯವರು ಶರ್ಟು, ಸೀಟಿ, ಕುರ್ಚಿ ಕೊಟ್ಟಿದ್ದರು. ಕುರ್ಚಿಯ ಮೇಲೆ ಅವನಿಗೆ ಬಹಳ ಪ್ರೀತಿ.

"ಆ ಹೊತ್ನ್ಯಾಗ ಎದ್ದು ಚಾ ಕುಡಿ," ಎಂದ ಅವನು. "ಸೂರ್ಯ ಮುಳುಗೂತನ ಸರ್ದಾರಬೀ ಕೂಡ ಮಾತಾಡು. ಅದು ಹೋದ ಮ್ಯಾಲೆ ನೇಯಿ."

"ಅದು ಹೋದಾಗ ಬೆಳಕೂ ಹೋಗ್ತೈತ್ರಿ. ನಾ ಯಾಕ ಏಳಲಿ? ಮಗ್ಗ ಮೊದಲ ಬಂತೋ ಫ್ಯಾನ ಮೊದಲ ಬಂತೋ?"

"ಕಿಟಕಿಗೆ ಒಂದು ಪರದೆ ಹಾಕೋಣೇನು?"

"ನನ್ನ ಕಿಟಕಿಗೆ ಪರದೆ ಹಾಕೂದಕ್ಕಿಂತ ನಿಮ್ಮ ಫ್ಯಾನಿಗೆ ಒಂದು ಚಡ್ಡಿ ಹೊಲಸ್ರಿ."

ಹುಸೇನಪ್ಪ ಹೆದರಿಕೊಂಡೇ ಸಾಹೇಬರಿಗೆ ವಿಷಯ ತಿಳಿಸಿದ. ಸಾಹೇಬರೆಂದರೆ ಕೊಪ್ಪಳದಿಂದ ಜೀಪಿನಲ್ಲಿ ಬರುವ ಕಂಪನಿಯ ಮ್ಯಾನೇಜರು. ನಾಲ್ಕು ದಿನಕ್ಕೆ ಉತ್ತರ ಬಂತು. ಉತ್ತರವೆಂದರೆ ಒಂದು ಟ್ರಾಲಿ ಇಟ್ಟಿಗೆ, ಒಂದು ಟ್ಯೂಬ್‌ಲೈಟು, ಗಾರೆ ಕಲಸುವ ಒಬ್ಬ ಮೇಸ್ತ್ರಿ. ಕಿಟಕಿ ಮುಚ್ಚಿ ಒಳಗೆ ದೀಪ ಹಾಕಿಕೊಡುತ್ತಾರಂತೆ, ಎಲ್ಲ ಕಂಪನಿಯ ಖರ್ಚು.

ಮೇಸ್ತ್ರಿ ಮೊದಲ ಇಟ್ಟಿಗೆ ಇಡಲು ಬಂದಾಗ ಕಿಟಕಿಯಲ್ಲಿ ಯಂಕವ್ವ ಕೂತಿದ್ದಳು. ಕಿಟಕಿಗಿಂತ ಅವಳೇ ಅಗಲವಿದ್ದಳು.

"ಅವ್ವಾರ, ಇಳೀರಿ. ನನಗ ಇನ್ನೊಂದು ಕೆಲಸ ಐತಿ."

"ಅದಕ್ಕ ಹೋಗಪ್ಪ."

"ನಾ ಗಾರಿ ಕಲಸೀನಿ, ಒಣಗತೈತ್ರಿ."

"ಸರ್ದಾರಬೀ ಕಟ್ಟಿ ಬಿರುಕು ಬಿಟ್ಟೈತಿ, ಒಣಗೂದರಾಗ ಅದಕ್ಕ ಬಡದು ಹೋಗು."

ಮೇಸ್ತ್ರಿ ಹಾಗೆಯೇ ಮಾಡಿ ಹೋದ. ಸರ್ದಾರಬೀಗೆ ರಾಟೆ ಇಟ್ಟುಕೊಳ್ಳಲು ಗಟ್ಟಿ ಕಟ್ಟೆಯಾಯಿತು. ಹುಸೇನಪ್ಪ ಮಾತ್ರ ತಲೆ ಹಿಡಿದುಕೊಂಡು ಕೂತ.

ದಸರೆಯ ಬನ್ನಿ ಕೊಟ್ಟ ಮರುದಿನ ಮ್ಯಾನೇಜರು ಬಂದಿದ್ದಾರೆಂದು ತಿಳಿದು ಯಂಕವ್ವ ಗುಡ್ಡ ಹತ್ತಿದಳು. ಫ್ಯಾನಿನ ಬುಡದಲ್ಲಿ ಜೀಪು ನಿಂತಿತ್ತು. ಮ್ಯಾನೇಜರನ ಜೊತೆ ಪ್ರವೀಣಕುಮಾರ ಎಂಬ ಹುಡುಗ ಎಂಜಿನಿಯರನಿದ್ದ, ಯಲಬುರ್ಗಾ ಕಡೆಯವನು. ಹುಸೇನಪ್ಪ ಹೆಂಡತಿಯನ್ನು ಕಂಡು ಕುರ್ಚಿಯಿಂದ ಎದ್ದು, ಏನು ಮಾಡಬೇಕೆಂದು ತಿಳಿಯದೆ ಸೆಲ್ಯೂಟು ಹೊಡೆದ.

"ಸಾಹೇಬ್ರ, ನಿಮ್ಮ ಫ್ಯಾನು ನಿಮಿಷಕ್ಕ ಮೂವತ್ತಾರು ಸುತ್ತ ತಿರಗತೈತಿ," ಎಂದು ಯಂಕವ್ವ ಶುರು ಮಾಡಿದಳು. "ನಾನ ಎಣಿಸೀನಿ. ಇಷ್ಟು ಜೋರ ತಿರಗಬೇಕಂತ ಯಾರು ಹೇಳ್ಯಾರ ನಿಮಗ?"

ಮ್ಯಾನೇಜರು ಎಂಜಿನಿಯರನ ಕಡೆ ನೋಡಿದ. ಪ್ರವೀಣಕುಮಾರ ಮೆಲ್ಲಗೆ, "ಇಲ್ಲ ಯವ್ವಾ, ಹನ್ನೆರಡು. ಅದಕ್ಕಿಂತ ಹೆಚ್ಚು ತಿರಗಂಗಿಲ್ಲ," ಎಂದ.

"ಮೂವತ್ತಾರು ತಿರುಗಿದ್ರ ರೆಕ್ಕಿ ಹಾರಿ ಕನಕಗಿರಿಗೆ ಹೋಗಿ ಬೀಳ್ತಾವಮ್ಮ," ಎಂದು ಮ್ಯಾನೇಜರು ನಕ್ಕ. ಡ್ರೈವರ್ ನಕ್ಕ. ಇನ್ನಿಬ್ಬರು ಕಾವಲುಗಾರರು ನಕ್ಕರು. ಹುಸೇನಪ್ಪ ನೆಲ ನೋಡಿದ. "ಎಣಿಸಾಕ ಬರದವರು ದೂರು ತಂದ್ರ ನಾವೇನು ಮಾಡೋಣ?"

ಯಂಕವ್ವ ತಲೆಯೆತ್ತಿ ನೋಡಿದಳು. ಒಂದು ರೆಕ್ಕೆಯ ತುದಿಗೆ ಹಕ್ಕಿ ಬಡಿದೋ ಏನೋ ಮಸಿಯ ಕಲೆಯಿತ್ತು. ಅದೊಂದನ್ನೇ ಹಿಡಿದು ನೋಡುತ್ತ ನಿಂತಳು. ಕಲೆ ಕೆಳಗೆ ಬಂತು, ಆಮೇಲೆ ಬಿಳಿ ರೆಕ್ಕೆ, ಆಮೇಲೆ ಇನ್ನೊಂದು ಬಿಳಿ ರೆಕ್ಕೆ, ಆಮೇಲೆ ಮತ್ತೆ ಕಲೆ. ಅವಳಿಗೆ ತಿಳಿಯಿತು. ಮಗ್ಗದಲ್ಲಿ ಲಾಳಿ ಹೋದದ್ದೂ ಒಂದು, ಬಂದದ್ದೂ ಒಂದು. ಹೋಗಿ ಬಂದು ಕೂಡಿ ಒಂದು ಎನ್ನುವ ಲೆಕ್ಕ ನೇಕಾರರಿಗಿಲ್ಲ. ಕಣ್ಣ ಮುಂದೆ ಹಾದದ್ದೆಲ್ಲ ಒಂದೊಂದು ಎಂದು ಅವಳು ಎಣಿಸಿದ್ದಳು. ಇಲ್ಲಿ ಮೂರು ಹಾದರೆ ಒಂದು ಸುತ್ತು.

ತಪ್ಪಿದ್ದು ಖರೆ. ಇನ್ನೊಬ್ಬಳಾಗಿದ್ದರೆ ಸೆರಗು ಹೊದ್ದು ಗುಡ್ಡ ಇಳಿಯುತ್ತಿದ್ದಳು.

"ಆತ್ರಿ, ಹನ್ನೆರಡು," ಎಂದಳು. "ನಾ ಎಣಿಸಿದ್ದು ತಪ್ಪು. ಆದ್ರ ಒಂದೊಂದು ಸುತ್ತಿಗೆ ಮೂರು ಸಲ ನನ್ನ ಹಾಸಿನ ಮ್ಯಾಲೆ ಬೀಳ್ತೈತಲ್ಲ, ಅದು ತಪ್ಪೇನು? ಸುತ್ತ ನಿಮ್ಮವು ಹನ್ನೆರಡೇ ಇರ್ಲಿ. ಏಟು ನನ್ನವು ಮೂವತ್ತಾರು."

ಮ್ಯಾನೇಜರನ ನಗು ಸಣ್ಣದಾಯಿತೇ ಹೊರತು ಮಾತು ಬದಲಾಗಲಿಲ್ಲ. ಇಂಥದ್ದಕ್ಕೆ ಇಲ್ಲಿ ಕಾಯ್ದೆಯಿಲ್ಲ, ಇಟ್ಟಿಗೆ ಕಳಿಸಿದ್ದೇ ಹೆಚ್ಚು, ಮುಚ್ಚುವುದಾದರೆ ಮುಚ್ಚಿ ಇಲ್ಲವಾದರೆ ಬಿಡಿ ಎಂದ. ಜೀಪು ಹತ್ತುವ ಮುಂಚೆ ಹುಸೇನಪ್ಪನ ಹೆಗಲ ಮೇಲೆ ಕೈಯಿಟ್ಟು, "ಮನಿಯವರಿಗೆ ತಿಳಿಸಿ ಹೇಳಪ್ಪ. ಕಾವಲಿಗೆ ಜನ ಭಾಳ ಸಿಗ್ತಾರ," ಎಂದ.

ಗಂಡ ಹೆಂಡಿರು ಗುಡ್ಡ ಇಳಿದರು. ಏರಿಯ ಹತ್ತಿರ ಬಂದ ಮೇಲೆ ಹುಸೇನಪ್ಪ, "ಆ ಕುರ್ಚಿ ಛಲೋ ಇತ್ತು," ಎಂದ.

"ಇನ್ನ ಹೋಗಿಲ್ಲಲ್ರಿ ಕುರ್ಚಿ."

"ನಿನ್ನ ಮಾರಿ ನೋಡಿದ್ರ ಹೋದಂಗ ಕಾಣತೈತಿ."

ಮರುದಿನ ಇಳಿಹೊತ್ತಿನಲ್ಲಿ ಪ್ರವೀಣಕುಮಾರ ತಾನಾಗಿಯೇ ಬೈಕಿನಲ್ಲಿ ಬಂದ. ಕಂಪನಿಯ ಅಂಗಿ ಹಾಕಿರಲಿಲ್ಲ. ನೆರಳು ನೋಡಬೇಕೆಂದ. ಯಂಕವ್ವ ಅವನನ್ನು ಕುಣಿಯಲ್ಲಿ ಕೂರಿಸಿದಳು. ನೆರಳು ಶುರುವಾಯಿತು. ಸ್ವಲ್ಪ ಹೊತ್ತಿಗೆ ಹುಡುಗ ಹಣೆ ಒತ್ತಿಕೊಂಡು ಎದ್ದು ಬಂದ.

"ಮ್ಯಾಲೆ ನಿಂತು ನೋಡಿದ್ರ ಇದು ಗೊತ್ತಾಗಂಗಿಲ್ಲ ಯವ್ವಾ," ಎಂದ.

"ಮ್ಯಾಲೆ ಯಾರಿಗೂ ಗೊತ್ತಾಗಂಗಿಲ್ಲ ತಮ್ಮಾ. ಚಾ ಕುಡಿ."

ಚಹಾ ಕುಡಿದು ಅವನು ಅವಳನ್ನು ಕಿಟಕಿಗೆ ಕರೆದ. "ಕೈ ನೆಟ್ಟಗ ಚಾಚ್ರಿ. ಮುಷ್ಟಿ ಹಿಡೀರಿ. ಒಂದು ಕಣ್ಣು ಮುಚ್ಚಿ ಫ್ಯಾನಿನ ಮ್ಯಾಲೆ ಇಡ್ರಿ."

ಯಂಕವ್ವ ಮುಷ್ಟಿ ಎತ್ತಿದಳು. ಅಷ್ಟು ದೊಡ್ಡ ಫ್ಯಾನು, ಮೂರು ರೆಕ್ಕೆ, ಅದರ ತಿರುಗಾಟ, ಎಲ್ಲ ಅವಳ ಮುಷ್ಟಿಯ ಹಿಂದೆ ಅಡಗಿತು. ಅವಳಿಗೆ ಅದು ಬಹಳ ಹಿಡಿಸಿತು. ಕೈ ಇಳಿಸಲೇ ಇಲ್ಲ.

"ಚಾಚಿದ ಮುಷ್ಟಿ ಅಂದ್ರ ಹೆಚ್ಚುಕಡಿಮಿ ಹತ್ತು ಡಿಗ್ರಿ," ಎಂದ ಪ್ರವೀಣಕುಮಾರ. "ಒಂದು ಪೂರಾ ಸುತ್ತಿಗೆ ಮುನ್ನೂರರವತ್ತು ಡಿಗ್ರಿ. ಸೂರ್ಯ ಒಂದು ಸುತ್ತು ಮುಗಸಾಕ ಹಗಲೂ ರಾತ್ರಿ ಕೂಡಿ ಇಪ್ಪತ್ತನಾಲ್ಕು ತಾಸು ತಗೋತಾನ. ಹಂಗಂದ್ರ ತಾಸಿಗೆ ಹದಿನೈದು ಡಿಗ್ರಿ. ಒಂದು ಡಿಗ್ರಿ ಜರಗಾಕ ನಾಲ್ಕು ನಿಮಿಷ. ಈಗ ನಿಮ್ಮ ಮುಷ್ಟಿ ದಾಟಾಕ?"

"ನಾಲ್ಕು ಹತ್ಲೆ ನಲ್ವತ್ತು," ಎಂದು ಗೋಡೆಯ ಆಚೆಯಿಂದ ಸರ್ದಾರಬೀ ಹೇಳಿದಳು.

"ಬರೋಬರಿ. ನಿಮ್ಮ ಜಗಳ ಇಡೀ ದಿನದ್ದಲ್ಲ ಯವ್ವಾ. ಒಂದು ಮುಷ್ಟಿದು."

"ಜಗಳಕ್ಕ ಒಂದು ಮುಷ್ಟಿ ಸಾಕು," ಎಂದಳು ಯಂಕವ್ವ.

ಆ ನಲವತ್ತು ನಿಮಿಷ ನಿಲ್ಲು ಎಂದು ಯಂತ್ರಕ್ಕೆ ಕಲಿಸಬಹುದೆಂದು ಅವನು ಹೇಳಿದ. ಗಡಿಯಾರ ನೋಡಿ ನಿಲ್ಲಿಸಿದರೆ ನಡೆಯದು, ಸೂರ್ಯ ದಿನಾ ಸ್ವಲ್ಪ ಸ್ವಲ್ಪ ಜರುಗುತ್ತಾನೆ. ಸೂರ್ಯ ಯಾವ ಕೋನಕ್ಕೆ ಬಂದಾಗ ಎಂದು ಹೇಳಿಕೊಡಬೇಕು. ದೀಪಾವಳಿ ಹೊತ್ತಿಗೆ ಸೂರ್ಯ ಇನ್ನೂ ತೆಂಕಣಕ್ಕೆ ಸರಿದು ಫ್ಯಾನನ್ನು ಬಿಟ್ಟುಹೋಗುತ್ತಾನೆ. ಚಳಿಗಾಲ ಮುಗಿಸಿ ಹಿಂದಿರುಗುವಾಗ, ಶಿವರಾತ್ರಿಯ ಸುಮಾರಿಗೆ, ಮತ್ತೆ ಇದೇ ಜಾಗ. ಆದರೆ ಇದಕ್ಕೆಲ್ಲ ಮ್ಯಾನೇಜರು ಹೂಂ ಅನ್ನಬೇಕು. ಅವರಿಗೆ ನಿಂತ ಫ್ಯಾನು ಎಂದರೆ ದುಡಿಯದೆ ಮೇವು ತಿನ್ನುವ ಎತ್ತು.

ಯಂಕವ್ವ ಕೆಟ್ಟ ಸೀರೆಯನ್ನು ತಂದು ತೋರಿಸಿದಳು. ಇದು ಅಮಾವಾಸ್ಯೆಯ ಹಿಂದಿನ ಸಂಜೆಯ ಮೊಳ, ಇದು ಅದರ ಮರುದಿನದ್ದು ಎಂದಳು. ಪ್ರವೀಣಕುಮಾರ ಮೊಬೈಲಿನಲ್ಲಿ ಆ ಎರಡು ದಿನ ಫ್ಯಾನು ತಿರುಗಿದ ವೇಗದ ಗೆರೆ ತೆಗೆದು, ಸೀರೆಯ ಪಕ್ಕ ಇಟ್ಟ. ಗೆರೆ ಏರಿದಲ್ಲಿ ಬಟ್ಟೆ ಜಾಳು. ಇಳಿದಲ್ಲಿ ದಟ್ಟ. ಅವನು ಬಾಯಿ ತೆರೆದುಕೊಂಡು ಕೂತ.

"ಇದನ್ನ ಕೊಡ್ರಿ. ಸಾಹೇಬ್ರಿಗೆ ತೋರಸ್ತೀನಿ."

"ಇದನ್ನ ಯಾರಿಗೂ ಕೊಡಂಗಿಲ್ಲ." ಯಂಕವ್ವ ಸೀರೆ ಮಡಚಿದಳು. ಅವಳ ಧ್ವನಿ ಒರಟಾಯಿತು. "ನನ್ನ ಕೈಲಿಂದ ಇಂಥಾದ್ದು ಹುಟ್ಟೈತಂತ ನಾಲ್ಕು ಮಂದಿ ನೋಡೂದಕ್ಕಿಂತ ಒಲಿಗೆ ಹಾಕ್ತೀನಿ."

ಹುಡುಗ ಬೈಕು ಹತ್ತಿ ಹೋದ.

ಅಂದು ಕೆಲಸ ಮುಗಿಸಿ ಬಂದ ಹುಸೇನಪ್ಪ ಎಂದಿನಂತೆ ಕಾಲು ತೊಳೆದು ಕೂತ. ರೊಟ್ಟಿ ಮುರಿದ. ತಟ್ಟೆಯನ್ನೇ ನೋಡುತ್ತ, ತನ್ನಷ್ಟಕ್ಕೆ ಮಾತಾಡಿಕೊಳ್ಳುವವನಂತೆ ಹೇಳಿದ: "ನಾಳಿ ಮಧ್ಯಾಹ್ನ ಎರಡು ಬಸ್ಸು ಬರ್ತಾವಂತ. ಯಲಬುರ್ಗಾ ಕಡೆ ರೈತರು. ಅವರ ಹೊಲದಾಗ ಹೊಸ ಫ್ಯಾನು ಕುಂದ್ರಸಬೇಕಂತ, ಅದಕ್ಕ ಇದನ್ನ ತೋರಸಾಕ ಕರಕೊಂಡ ಬರ್ತಾರ. ಹೆಣ್ಣಮಕ್ಕಳೂ ಬರ್ತಾರಂತ. ಫ್ಯಾನಿನಿಂದ ಯಾರಿಗೂ ಏನೂ ತ್ರಾಸ ಇಲ್ಲಂತ ಸಾಹೇಬ್ರು ಹೇಳಾವ್ರು." ಇನ್ನೊಂದು ತುತ್ತು ಮುರಿದು, "ಗೇಟಿನ ಹಂತೇಕ ತಂತಿಬೇಲಿ ಮ್ಯಾಲೆ ಬಿಸಿಲು ಛಲೋ ಬೀಳ್ತೈತಿ," ಎಂದ.

ಯಂಕವ್ವ ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು. ಕೇಳದೆ ತುಪ್ಪವನ್ನೂ ಹಾಕಿದಳು.

ಬೆಳಗಿನ ತನಕ ಅವಳಿಗೆ ನಿದ್ದೆ ಸರಿಯಾಗಿ ಬರಲಿಲ್ಲ. ನೇಕಾರರು ಕೆಟ್ಟ ಬಟ್ಟೆಯನ್ನು ಮನೆಯ ನಾಯಿಗೂ ತೋರಿಸುವುದಿಲ್ಲ. ಬೆಳಗಾದ ಮೇಲೆ ಸೀರೆಯನ್ನು ಕಂಕುಳಲ್ಲಿಟ್ಟು ಸರ್ದಾರಬೀಯ ಬಾಗಿಲಿಗೆ ಹೋಗಿ, "ಬರ್ತೀಯೇನ?" ಎಂದಳು. ಸರ್ದಾರಬೀ ಆಗಲೇ ಬುರ್ಖಾ ಹಾಕಿಕೊಂಡು ಚಪ್ಪಲಿ ಹುಡುಕುತ್ತಿದ್ದಳು.

ಬಸ್ಸುಗಳಿಂದ ಜನ ಇಳಿಯುವ ಹೊತ್ತಿಗೆ ತಂತಿಬೇಲಿಯ ಉದ್ದಕ್ಕೂ ದಾಳಿಂಬೆ ಬಣ್ಣದ ಸೀರೆ ಹರಡಿತ್ತು. ಹಿಂದಿನಿಂದ ಬಿಸಿಲು ಬಿದ್ದು ಪಟ್ಟೆಗಳು ದೂರಕ್ಕೂ ಕಾಣುತ್ತಿದ್ದವು. ಮ್ಯಾನೇಜರು ಭಾಷಣಕ್ಕೆ ಗಂಟಲು ಸರಿಮಾಡಿಕೊಳ್ಳುತ್ತಿದ್ದಂತೆ ಹೆಂಗಸರು ಆ ಕಡೆ ತಿರುಗಿದರು. ಸೀರೆ ಇದ್ದಲ್ಲಿ ಫ್ಯಾನನ್ನು ಯಾರು ನೋಡುತ್ತಾರೆ.

"ಹುಸೇನಪ್ಪ, ಅದನ್ನ ತೆಗೀ," ಎಂದ ಮ್ಯಾನೇಜರು, ಹಲ್ಲಿನ ಸಂದಿಯಿಂದ.

ಹುಸೇನಪ್ಪ ಹೋದ. ಸೀರೆಯ ಒಂದು ತುದಿ ಗಾಳಿಗೆ ಬಿಚ್ಚಿಕೊಂಡಿತ್ತು. ಅದನ್ನು ಹಿಡಿದು ತಂತಿಗೆ ಗಟ್ಟಿಯಾಗಿ ಗಂಟು ಹಾಕಿದ. "ಬಿದ್ದು ಮಣ್ಣಾದ್ರ ಇಕಿ ನನ್ನ ಮನ್ಯಾಗ ಸೇರಸಂಗಿಲ್ರಿ ಸಾಹೇಬ್ರ," ಎಂದು ಹೇಳಿ, ಕುರ್ಚಿಗೆ ಹೋಗದೆ ಹೆಂಡತಿಯ ಪಕ್ಕ ನಿಂತ.

ದಪ್ಪ ಮೂಗುತಿಯ ಒಬ್ಬ ಹಿರಿಯ ಹೆಂಗಸು ಸೀರೆ ಮುಟ್ಟಿ ನೋಡಿದಳು. "ಇಷ್ಟು ಛಲೋ ಕೈ ಇದ್ದಾಕಿ ಇಲ್ಲಿ ಯಾಕ ಹಿಂಗ ಮಾಡೀಯವ್ವ?"

ಯಂಕವ್ವನಿಗೆ ಅದೇ ಬೇಕಾಗಿತ್ತು, ಅದೇ ಬೇಡವಾಗಿಯೂ ಇತ್ತು. ಸೀರೆಯ ಜಾಳಿನ ಮೇಲೆ ಕೈಯಿಟ್ಟಳು. ಆಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದಳು: "ಈ ಎರಡು ಗಜ ನಾ ನೇಯ್ದದ್ದು. ಈ ಒಂದು ಮೊಳ ಇವರ ಫ್ಯಾನು ನೇಯ್ದದ್ದು. ಸಂಜಿಮುಂದ ಇದರ ನೆಳ್ಳು ನನ್ನ ಮಗ್ಗದ ಮ್ಯಾಲೆ ಬಂದು ಕುಂದ್ರತೈತಿ. ನಿಮಿಷಕ್ಕ ಮೂವತ್ತಾರು ಏಟು. ಗಾಳಿ ಎಷ್ಟು ಬೀಸಿತ್ತೋ ಅಷ್ಟೂ ಇದರಾಗ ಐತಿ, ನೋಡ್ಕೋರಿ."

"ಸೀರೆಗೂ ಫ್ಯಾನಿಗೂ ಏನು ಸಂಬಂಧ," ಎಂದು ಮ್ಯಾನೇಜರು ಮುಂದೆ ಬಂದ. ಟವೆಲು ಸುತ್ತಿದ ಒಬ್ಬ ರೈತ ಅವನನ್ನು ಬಿಟ್ಟು ಪ್ರವೀಣಕುಮಾರನ ಕಡೆ ತಿರುಗಿ, "ಏನಪ್ಪ ಎಂಜಿನಿಯರ, ನಮ್ಮ ಕಡೆ ಹುಡುಗ ಅದೀಯಂತ. ಆಕಿ ಹೇಳೂದು ಖರೇನೋ ಸುಳ್ಳೋ?" ಎಂದು ಕೇಳಿದ.

ಪ್ರವೀಣಕುಮಾರ ಮ್ಯಾನೇಜರನ ಮುಖ ನೋಡಿದ. ಆಮೇಲೆ ನೋಡಲಿಲ್ಲ. "ಖರೆ ಐತ್ರಿ. ಆ ಮನಿ ಕಿಟಕಿಯಿಂದ ನೋಡಿದ್ರ ಫ್ಯಾನು ಒಂದು ಮುಷ್ಟಿ ಅಗಲ, ಸೂರ್ಯ ಅದನ್ನ ದಾಟೂತನ ನಲ್ವತ್ತು ನಿಮಿಷ ನೆಳ್ಳು ಬೀಳ್ತೈತಿ," ಎಂದು ಕೈ ಚಾಚಿ ತೋರಿಸಿದ.

ಹೆಂಗಸರು ಒಬ್ಬೊಬ್ಬರಾಗಿ ಮುಷ್ಟಿ ಎತ್ತಿ ಒಂದು ಕಣ್ಣು ಮುಚ್ಚಿದರು. "ನಮ್ಮ ಮನಿಗೆ ಎಷ್ಟು ಮುಷ್ಟಿ ಬರ್ತಾವ? ತೊಟ್ಟಿಲ ಇರೂದು ಪಡುವಣ ಕೋಣ್ಯಾಗ," ಎಂದು ಒಬ್ಬಳು ಕೇಳಿದಳು. ಇನ್ನೊಬ್ಬಳಿಗೆ ಎಮ್ಮೆಯ ಚಿಂತೆ. ಬಯಲಿನ ತುಂಬ ಮುಷ್ಟಿಗಳು. ಅದರ ನಡುವೆ ನಿಂತ ಮ್ಯಾನೇಜರು ಬೆವರು ಒರೆಸಿಕೊಂಡು, ಇಂಥ ಅನುಕೂಲ ಕಂಪನಿ ಮಾಡಿಯೇ ಕೊಡುತ್ತದೆ, ಈ ತಾಯಿಗೂ ಇವತ್ತಿನಿಂದಲೇ ಸಂಜೆ ಅಷ್ಟು ಹೊತ್ತು ನಿಲ್ಲಿಸುತ್ತೇವೆ, ನೀವೇ ಸಾಕ್ಷಿ ಎಂದ. ತಾನೇ ಮೊದಲಿನಿಂದ ಅಂದುಕೊಂಡಿದ್ದೆನೆಂಬಂತೆ ಹೇಳಿದ. ಯಂಕವ್ವ ಅದಕ್ಕೆ ತಕರಾರು ಮಾಡಲಿಲ್ಲ.

ಅಂದು ಸಂಜೆ ಅವಳು ಹೊಸ ಹಾಸಿನ ಮುಂದೆ ಕುಣಿಯಲ್ಲಿ ಕಾಲಿಳಿಸಿ ಕೂತಳು. ಸೂರ್ಯ ಇಳಿದ. ಗುಡ್ಡದ ಮೇಲೆ ರೆಕ್ಕೆಗಳು ನಿಧಾನವಾಗಿ, ಇನ್ನೂ ನಿಧಾನವಾಗಿ ನಿಂತವು. ಬಿಸಿಲು ಕಿಟಕಿಯಿಂದ ಬಂದು ಹಾಸಿನ ಮೇಲೆ ಮಲಗಿತು. ಎಳೆಗಳೆಲ್ಲ ಎದ್ದು ನಿಂತವು. ಅವಳ ಕೈ ಮಾತ್ರ ಏಳಲಿಲ್ಲ. ಹಗ್ಗ ಹಿಡಿದು ಕಾಯುತ್ತಿತ್ತು. ಯಾವಾಗ ಜಗ್ಗಬೇಕೆಂದು ಹೇಳುವ ಏಟಿಗೆ ಕಾಯುತ್ತಿತ್ತು.

"ಯಾಕ ಯಂಕಕ್ಕ, ಫ್ಯಾನಿನ ಕೂಡ ಮಗ್ಗಾನೂ ನಿಂತಿತೇನ?" ಎಂದು ಸರ್ದಾರಬೀ ಕೂಗಿದಳು.

ಯಂಕವ್ವನಿಗೆ ಮೈಯೆಲ್ಲ ಉರಿಯಿತು. ಮ್ಯಾನೇಜರನ ಮೇಲೆ ಬಂದದ್ದಕ್ಕಿಂತ ದೊಡ್ಡ ಸಿಟ್ಟು, ತನ್ನ ಕೈಯ ಮೇಲೆಯೇ. ಕೈಯ ಮೇಲೆ ಕೈಯಿಂದ ಪಟಾರನೆ ಹೊಡೆದುಕೊಂಡು ಹಗ್ಗ ಜಗ್ಗಿದಳು. ಮೊದಲ ಏಟು ಹಗುರ, ಎರಡನೆಯದು ಭಾರ. ಅಡ್ಡಕ್ಕೆ ಹಾಕಿದ ಹೊಕ್ಕಿನ ಎಳೆ ಬಿಚ್ಚಿ ತೆಗೆದಳು. ಮತ್ತೆ ನೇಯ್ದಳು, ಮತ್ತೆ ಬಿಚ್ಚಿದಳು. ಒಂದು ಮುಷ್ಟಿ ಬಿಸಿಲು ಪೂರ್ತಿ ಇದರಲ್ಲೇ ಹೋಯಿತು. ಮರುದಿನವೂ ಅಷ್ಟೇ. ಅದರ ಮರುದಿನ ಸರ್ದಾರಬೀಯ ರಾಟೆ ಇದ್ದಕ್ಕಿದ್ದಂತೆ ನಿಂತಿತು.

"ಯಾಕ ನಿಲ್ಲಿಸಿದಿ?"

"ಏನಿಲ್ಲ ಬಿಡು. ಹಳೀ ಯಂಕಕ್ಕನ ದನಿ ಕೇಳ್ತು, ಅದಕ್ಕ."

ಪಾಡ್ಯದ ದಿನ ಗೋವಿಂದರಾಜ ಸಾವ್ಕಾರ ಹೊಸ ಅಂಗಿ ತೊಟ್ಟು ಬಾಗಿಲಲ್ಲಿ ನಿಂತು ಸೀರೆ ಹಿಡಿದ. ಕಟ್ಟೆಯ ಮೇಲೆ ಅಂದಿನ ನೇಕಾರರೇ ಇದ್ದರು. ಒಡಲನ್ನು ಮೊಳ ಮೊಳವಾಗಿ ಜಾರಿಸಿ ನೋಡಿದ. ಸೆರಗಿನ ಕೊಂಡಿಯನ್ನು ಉಗುರಿನಿಂದ ಎಳೆದು ನೋಡಿದ. ತಿರುಗಿಸಿ ಮತ್ತೆ ಮೊದಲಿನಿಂದ ನೋಡಿದ. ಯಂಕವ್ವ ಸೊಂಟದ ಮೇಲೆ ಕೈಯಿಟ್ಟು ನಿಂತೇ ಇದ್ದಳು.

"ಕಣ್ಣು ಮಂಜಾಗಿಲ್ಲ ನಿನಗ," ಎಂದ ಸಾವ್ಕಾರ.

"ಅದಲ್ರಿ. ಇನ್ನೊಂದು ಮಾತಿತ್ತು."

ಸಾವ್ಕಾರ ಕಟ್ಟೆಯ ಕಡೆ ನೋಡಿದ. ಕಟ್ಟೆಯವರು ಆಕಾಶ ನೋಡಿದರು. "ಕುಡುಕಿ ಅಂದದ್ದು ತಪ್ಪಾತು," ಎಂದ. ಮೆಲ್ಲಗೆ ಹೇಳಿದ್ದ. ಯಂಕವ್ವ ಕಿವಿಗೆ ಕೈ ಹಚ್ಚಿದಳು. ಇನ್ನೊಮ್ಮೆ ಗಟ್ಟಿಯಾಗಿ ಹೇಳಿ, ಹಾಸಿನ ಹೊಸ ಗಂಟು ತಂದಿಟ್ಟ.

ಅವಳು ಗಂಟನ್ನು ತಲೆಯ ಮೇಲೆ ಇಟ್ಟುಕೊಳ್ಳುವಾಗ, "ಆ ಹಾಳಾದ ಸೀರಿ ತಂದು ಕೊಡು," ಎಂದ. "ಛಲೋ ಇದ್ದದ್ದನ್ನ ಕತ್ತರಿಸಿ ಕುಪ್ಪಸಕ್ಕ ಮಾರ್ತೀನಿ. ಸುಮ್ನ ಮನ್ಯಾಗ ಇಟ್ಟು ಏನು ಮಾಡ್ತಿ?"

"ಅದು ಸುಮ್ನ ಇಲ್ರಿ, ಕೆಲಸದಾಗ ಐತಿ."

"ಕೆಟ್ಟ ಸೀರಿಗೆ ಎಂಥಾ ಕೆಲಸ?"

"ಕಿಟಕಿ ಮಗ್ಗಲ ಮೊಳಿಗೆ ಹಾಕೀನಿ," ಎಂದಳು ಯಂಕವ್ವ, ಮೆಟ್ಟಿಲು ಇಳಿಯುತ್ತ. "ಶಿವರಾತ್ರಿಗೆ ಸೂರ್ಯ ಮತ್ತ ಅದೇ ಜಾಗಕ್ಕ ಬರ್ತಾನಂತ. ಅಷ್ಟರಾಗ ಫ್ಯಾನಿನವರು ಮರತಿದ್ರ ಬೇಲಿಗೆ ಹಾಕಾಕ ಬೇಕಲ್ರಿ."